ಒಂದೇ ಆಧಾರ, ಕೂಡುವ ಘಾತ: ಒಂದು ಬೀಜಗಣಿತ ನಿಯಮದ ನುಡಿಚರಿತ್ರೆ

(ಆನ್‌ಲೈನ್ ವಿಚಾರಸಂಕಿರಣದಲ್ಲಿ ಮಂಡಿಸಿದ ಪ್ರಬಂಧದ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಳ್ಳಲಾಗಿದೆ.)

ಗಡಿನಾಡ ಕನ್ನಡದ ಬಗ್ಗೆ ನಡೆಯುವ ಸಂಕಿರಣದಲ್ಲಿ ಬೀಜಗಣಿತದ ಮಾತು ಎಲ್ಲಿಂದ ಬಂತು ಅಂತ ನಿಮಗೆ ಅನ್ನಿಸಬಹುದು. ಕನ್ನಡ ಎಂ.ಎ. ಓದುವವಳಿಗೆ ಗಣಿತದ ಉಸಾಬರಿ ಯಾಕೆ ಅಂತಲೂ ಕೇಳಬಹುದು. ನಾನು ಎತ್ತಿಕೊಂಡಿರುವುದು ಒಂದೇ ಒಂದು ನಿಯಮ. ಹೈಸ್ಕೂಲು ದಾಟಿದ ಎಲ್ಲರಿಗೂ ಗೊತ್ತಿರುವಂಥದ್ದು: ಆಧಾರ ಒಂದೇ ಆಗಿರುವ ಎರಡು ಘಾತಗಳನ್ನು ಗುಣಿಸುವಾಗ ಘಾತಾಂಕಗಳನ್ನು ಕೂಡಿಸಬೇಕು. 2³ × 2⁴ = 2⁷. ಇಷ್ಟೇ.

ಇಷ್ಟೇ ಆದರೂ ಇದರಲ್ಲಿ ಒಂದು ತೊಡಕುಂಟು. ಗುಣಿಸು ಅಂತ ಹೇಳಿದ್ದಾರೆ, ನಾವು ಮೇಲಿನ ಅಂಕಿಗಳನ್ನು ಕೂಡಿಸುತ್ತೇವೆ. ಎಷ್ಟೋ ಮಕ್ಕಳು 2³ × 2⁴ ಅಂದರೆ 2¹² ಎಂದು ಬರೆಯುತ್ತಾರೆ. ಗುಣಾಕಾರದ ಚಿಹ್ನೆ ಕಂಡ ಮೇಲೆ ಮೂರು ನಾಲ್ಕಲ ಹನ್ನೆರಡು ಎನ್ನುವುದು ಸಹಜವೇ. ಈ ಗೊಂದಲ ಮಕ್ಕಳದ್ದು ಮಾತ್ರ ಅಲ್ಲ. ಇದಕ್ಕೆ ಎರಡು ಸಾವಿರ ವರ್ಷದ ಚರಿತ್ರೆ ಉಂಟು. ಘಾತಕ್ಕೆ ಯಾವ ಹೆಸರಿಟ್ಟರು ಎನ್ನುವುದರ ಮೇಲೆ ಈ ನಿಯಮ ಕಣ್ಣಿಗೆ ಬೀಳುತ್ತಿತ್ತು, ಇಲ್ಲವೇ ಮರೆಯಾಗುತ್ತಿತ್ತು. ಹೆಸರು ಎಣಿಕೆಯನ್ನು ತೋರಿಸಿದಲ್ಲಿ ನಿಯಮ ತಾನಾಗಿ ಕಂಡಿದೆ. ಹಾಗೆ ಎಣಿಕೆಯಿಂದ ಇದನ್ನು ಹೇಳಿದ ಒಂದು ಮುಖ್ಯ ಗ್ರಂಥ ನಮ್ಮ ಕಾಲಕ್ಕೆ ತಲುಪಿದ್ದು ಕನ್ನಡ ಲಿಪಿಯ ತಾಳೆಗರಿಗಳ ಮೂಲಕ. ಅದನ್ನು ಹೊರಗೆ ತಂದವರ ದಾರಿಯಲ್ಲಿ ಸೊಲ್ಲಾಪುರ, ಮಿರಜ್, ಕೊಲ್ಲಾಪುರಗಳೂ ಬರುತ್ತವೆ. ಇದೇ ನನ್ನ ಪ್ರಬಂಧದ ವಿಷಯ.

1. ಗಡಿ ದಾಟಿದರೆ ಬದಲಾಗುವ ಪದಗಳು

ಮೊದಲು ಪದಗಳನ್ನೇ ನೋಡೋಣ. ಕರ್ನಾಟಕದ ಪಠ್ಯಗಳಲ್ಲಿ ಕೆಳಗಿನ ಸಂಖ್ಯೆಗೆ ‘ಆಧಾರ’, ಮೇಲಿನ ಚಿಕ್ಕ ಅಂಕಿಗೆ ‘ಘಾತಾಂಕ’ ಅಥವಾ ‘ಘಾತಸೂಚಿ’, ಇಡೀ ರೂಪಕ್ಕೆ ‘ಘಾತ’. ಮಹಾರಾಷ್ಟ್ರಕ್ಕೆ ಹೋದರೆ ಮರಾಠಿಯಲ್ಲೂ ‘ಘಾತಾಂಕ’ವೇ, ಆದರೆ ಆಧಾರಕ್ಕೆ ‘ಪಾಯಾ’. ನಮ್ಮ ಮನೆ ಕಟ್ಟುವಾಗಿನ ಪಾಯವೇ ಅದು. ತೆಲುಗಿನಲ್ಲಿ ‘ಘಾತಾಂಕಂ’ ಮತ್ತು ‘ಭೂಮಿ’. ತಮಿಳಿನಲ್ಲಿ ಘಾತಕ್ಕೆ ‘ಅಡುಕ್ಕು’, ಆಧಾರಕ್ಕೆ ‘ಅಡಿಮಾನಂ’. ಮಲಯಾಳದಲ್ಲಿ ‘ಕೃತಿ’, ‘ಕೃತ್ಯಂಕಂ’, ಆಧಾರಕ್ಕೆ ‘ಪಾದಂ’. ಗಡಿನಾಡಿನ ಒಂದು ಮಗು ಮನೆಯಲ್ಲಿ ಒಂದು ಪದ, ಟ್ಯೂಷನ್ನಿನಲ್ಲಿ ಇನ್ನೊಂದು, ಕಾಲೇಜಿಗೆ ಹೋದಾಗ ಇಂಗ್ಲಿಷಿನ ಮೂರನೆಯದು ಕಲಿಯುವುದು ನಮಗೆ ಹೊಸ ಸಂಗತಿ ಅಲ್ಲ.

ಈ ಪದಗಳಲ್ಲಿ ಒಂದೊಂದೂ ಒಂದೊಂದು ಚಿತ್ರ ಕೊಡುತ್ತದೆ. ಸಂಸ್ಕೃತ ಗಣಿತದಲ್ಲಿ ‘ಘಾತ’ ಅಂದರೆ ಗುಣಿಸಿ ಬಂದ ಲಬ್ಧ. ಹೊಡೆಯುವುದು, ಕೊಲ್ಲುವುದು ಎಂಬ ಅರ್ಥದ ಹನನ, ವಧ, ಘಾತಗಳೆಲ್ಲ ಅಲ್ಲಿ ಗುಣಾಕಾರದ ಹೆಸರುಗಳು. ಆದರೆ ಇವತ್ತಿನ ಕನ್ನಡದ ಕಿವಿಗೆ ‘ಘಾತ’ ಅಂದರೆ ಆಘಾತ, ವಿಶ್ವಾಸಘಾತ. ಗುಣಾಕಾರದ ನೆನಪು ಅದರಲ್ಲಿ ಅಳಿದುಹೋಗಿದೆ. ‘ಕೃತಿ’ ಹಳೆಯ ಗಣಿತ ಗ್ರಂಥಗಳಲ್ಲಿ ಬರೀ ವರ್ಗ, ಅಂದರೆ ಎರಡನೆಯ ಘಾತ. ಮಲಯಾಳದಲ್ಲಿ ಅದು ಎಲ್ಲ ಘಾತಗಳಿಗೂ ಹಿಗ್ಗಿದೆ.

ತಮಿಳಿನ ‘ಅಡುಕ್ಕು’ ಮಾತ್ರ ಬೇರೆ ಥರ. ಅದು ಒಂದರ ಮೇಲೊಂದು ಪೇರಿಸುವುದು. ಹಳೆಯ ಕನ್ನಡದ ‘ಅಡಕಿಲು’ ನೆನಪಿರಬಹುದು, ಗಡಿಗೆಯ ಮೇಲೆ ಗಡಿಗೆ ಇಟ್ಟ ಸಾಲು. ಮೂರು ಗಡಿಗೆಯ ಅಡಕಿಲಿನ ಮೇಲೆ ನಾಲ್ಕು ಗಡಿಗೆಯ ಅಡಕಿಲು ಇಟ್ಟರೆ ಏಳು ಗಡಿಗೆಯದ್ದಾಗುತ್ತದೆ, ಹನ್ನೆರಡರದ್ದಲ್ಲ. ನಿಯಮ ಪದದೊಳಗೇ ಕೂತಿದೆ. ಎರಡೂ ಕಡೆ ಒಂದೇ ಅಳತೆಯ ಗಡಿಗೆ ಆಗಿರಬೇಕು ಎನ್ನುವ ಷರತ್ತೂ ಅದರಲ್ಲೇ ಇದೆ. ಆಧಾರ ಬೇರೆ ಆದರೆ ಸಾಲು ನಿಲ್ಲುವುದಿಲ್ಲ.

2. ಛಂದಸ್ಸಿನಲ್ಲಿ ಕಂಡ ನಿಯಮ

ಈಗ ನಮ್ಮ ಪಾಠದ ವಿಷಯಕ್ಕೆ ಬರೋಣ. ಛಂದಸ್ಸಿನಲ್ಲಿ ಪ್ರಸ್ತಾರ ಅಂತ ಮಾಡುತ್ತೇವಲ್ಲ, ಅದು ಎರಡರ ಘಾತಗಳ ಆಟವೇ. ಪ್ರತಿ ಅಕ್ಷರದ ಜಾಗದಲ್ಲಿ ಗುರು ಇಲ್ಲವೇ ಲಘು, ಎರಡೇ ಆಯ್ಕೆ. ಒಂದು ಅಕ್ಷರಕ್ಕೆ 2 ಬಗೆ, ಎರಡಕ್ಕೆ 4, ಮೂರಕ್ಕೆ 8. ಮೂರು ಅಕ್ಷರದ ಎಂಟು ಗಣಗಳನ್ನು ನಾವು ಬಾಯಿಪಾಠ ಮಾಡಿದ್ದೇವೆ. 8 ಯಾಕೆ ಅಂದರೆ 2³ ಎಂಬ ಕಾರಣಕ್ಕೆ. ಪ್ರಸ್ತಾರ, ಸಂಖ್ಯೆ ಮೊದಲಾದ ಆರು ಪ್ರತ್ಯಯಗಳನ್ನು 10ನೇ ಶತಮಾನದ ನಾಗವರ್ಮನ ‘ಛಂದೋಂಬುಧಿ’ ಕನ್ನಡಕ್ಕೆ ತಂದಿತು.

ಶಾರ್ದೂಲವಿಕ್ರೀಡಿತವನ್ನು ತೆಗೆದುಕೊಳ್ಳಿ. ಪಾದಕ್ಕೆ 19 ಅಕ್ಷರ, ಸಂಸ್ಕೃತದಲ್ಲಿ 12ನೇ ಅಕ್ಷರಕ್ಕೆ ಯತಿ. ಯತಿಯ ಈಚೆ 12, ಆಚೆ 7. ಮೊದಲ ತುಂಡಿನಲ್ಲಿ ಸಾಧ್ಯವಿರುವ ಗುರು-ಲಘು ವಿನ್ಯಾಸಗಳು 2¹², ಅಂದರೆ 4,096. ಎರಡನೆಯದರಲ್ಲಿ 2⁷, ಅಂದರೆ 128. ಮೊದಲಿನ ಪ್ರತಿಯೊಂದರ ಜೊತೆಗೂ ಎರಡನೆಯ ಯಾವುದನ್ನು ಬೇಕಾದರೂ ಸೇರಿಸಬಹುದು. ಹಾಗಾಗಿ ಗುಣಿಸಬೇಕು: 4,096 × 128 = 5,24,288. ಅದೇ ಇಡೀ ಪಾದವನ್ನು ಒಟ್ಟಿಗೆ ಎಣಿಸಿದರೆ 19 ಜಾಗ, 2¹⁹. ಅದೂ 5,24,288. ವಿನ್ಯಾಸಗಳು ಗುಣವಾಗುತ್ತವೆ, ಜಾಗಗಳು ಕೂಡುತ್ತವೆ. ನಿಯಮದ ಕಾರಣ ಇಲ್ಲಿ ಬಿಚ್ಚಿಟ್ಟ ಹಾಗಿದೆ. ಘಾತಾಂಕ ಎನ್ನುವುದು ಜಾಗಗಳ ಎಣಿಕೆ, ಜಾಗಗಳನ್ನು ಯಾರೂ ಗುಣಿಸುವುದಿಲ್ಲ.

ಕನ್ನಡ ಕವಿಗಳು ಯತಿಯನ್ನು ಲೆಕ್ಕಿಸಲಿಲ್ಲ, ದಾಟಿ ಹೋದರು ಎಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಅವರು ದಾಟಿದರೂ ಈ ಲೆಕ್ಕಕ್ಕೆ ಏನೂ ಆಗುವುದಿಲ್ಲ. ಪಾದವನ್ನು 12 ಮತ್ತು 7 ಅಂತ ಕತ್ತರಿಸಿ, 10 ಮತ್ತು 9 ಅಂತ ಕತ್ತರಿಸಿ, 18 ಮತ್ತು 1 ಅಂತ ಕತ್ತರಿಸಿ, ಗುಣಲಬ್ಧ ಅದೇ. ಕತ್ತರಿಸದೇ ಬಿಟ್ಟರೆ? ಒಂದು ಕಡೆ 19, ಇನ್ನೊಂದು ಕಡೆ ಸೊನ್ನೆ. ಆಗಲೂ ನಿಯಮ ನಿಲ್ಲಬೇಕಾದರೆ 2⁰ ಎನ್ನುವುದು 1 ಆಗಲೇಬೇಕು. ಸೊನ್ನೆಯ ಘಾತ ಯಾಕೆ ಒಂದು ಎಂದು ತಲೆ ಕೆರೆದುಕೊಳ್ಳುವವರಿಗೆ ಇದಕ್ಕಿಂತ ಸರಳ ಉತ್ತರ ನನಗೆ ಸಿಕ್ಕಿಲ್ಲ.

ಈ 2¹⁹ ಅನ್ನು ಹದಿನೆಂಟು ಸಲ ದ್ವಿಗುಣ ಮಾಡದೆ ಕಂಡುಹಿಡಿಯುವ ಉಪಾಯವನ್ನು ಪಿಂಗಳನ ಛಂದಃಸೂತ್ರವೇ ಹೇಳುತ್ತದೆ. ಅಕ್ಷರಸಂಖ್ಯೆ ಸಮ ಇದ್ದರೆ ಅರ್ಧ ಮಾಡು, ಬೆಸ ಇದ್ದರೆ ಒಂದು ಕಳೆ. 19ರಿಂದ 18, 9, 8, 4, 2, 1, 0. ಈಗ ಹಿಂದಕ್ಕೆ ಬರಬೇಕು. ಒಂದು ಕಳೆದ ಕಡೆ ಎರಡರಿಂದ ಗುಣಿಸು, ಅರ್ಧ ಮಾಡಿದ ಕಡೆ ವರ್ಗ ಮಾಡು. 1ರಿಂದ ಹೊರಟು 2, 4, 16, 256, 512, 2,62,144, ಕೊನೆಗೆ 5,24,288. ಏಳೇ ಹೆಜ್ಜೆ. ವರ್ಗ ಮಾಡಿದಾಗ ಘಾತಾಂಕ ಇಮ್ಮಡಿ ಆಗುತ್ತದೆ, ಎರಡರಿಂದ ಗುಣಿಸಿದಾಗ ಒಂದು ಹೆಚ್ಚುತ್ತದೆ ಎಂಬುದು ಗೊತ್ತಿಲ್ಲದೆ ಈ ವಿಧಾನ ಹುಟ್ಟುವ ಹಾಗೇ ಇಲ್ಲ. ಎರಡೂ ನಮ್ಮ ನಿಯಮದ ರೂಪಗಳೇ. 9ನೇ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷನನ್ನು ಹೊಗಳಿ ‘ಗಣಿತಸಾರಸಂಗ್ರಹ’ ಬರೆದ ಮಹಾವೀರಾಚಾರ್ಯ ಇದೇ ವಿಧಾನವನ್ನು ಎರಡಕ್ಕೆ ಮಾತ್ರ ಅಲ್ಲ, ಯಾವ ಗುಣಕಕ್ಕೂ ಹೊಂದುವ ಹಾಗೆ ಗುಣೋತ್ತರ ಶ್ರೇಢಿಯ ಭಾಗದಲ್ಲಿ ಬಳಸಿದ. ಛಂದಸ್ಸಿನ ಲೆಕ್ಕ ಹೀಗೆ ಗಣಿತದ ಲೆಕ್ಕವಾಯಿತು.

3. ‘ವರ್ಗಘನ’ ಐದೋ, ಆರೋ?

ಹಾಗಾದರೆ ಗೊಂದಲ ಎಲ್ಲಿ ಹುಟ್ಟಿತು? ಹೆಸರಿಡುವುದರಲ್ಲಿ. ಎರಡನೆಯ ಘಾತಕ್ಕೆ ವರ್ಗ, ಮೂರನೆಯದಕ್ಕೆ ಘನ. ಇವೆರಡೂ ಕಣ್ಣಿಗೆ ಕಾಣುವ ಆಕಾರಗಳು. ನಾಲ್ಕನೆಯದಕ್ಕೆ ಆಕಾರ ಇಲ್ಲ. ಆಮೇಲಿನವುಗಳಿಗೆ ಇರುವ ಎರಡೇ ಹೆಸರುಗಳನ್ನು ಜೋಡಿಸಬೇಕಾಯಿತು. ಜೋಡಿಸುವುದು ಎರಡು ರೀತಿಯಲ್ಲಿ ಆಗಬಹುದು.

3ನೇ ಶತಮಾನದ ಅಲೆಕ್ಸಾಂಡ್ರಿಯಾದ ಡಯೊಫಾಂಟಸ್ ಕೂಡುವ ದಾರಿ ಹಿಡಿದ. ಅವನ ಗ್ರೀಕಿನಲ್ಲಿ ‘ವರ್ಗ-ವರ್ಗ’ ನಾಲ್ಕನೆಯದು, ‘ವರ್ಗ-ಘನ’ ಐದನೆಯದು, ‘ಘನ-ಘನ’ ಆರನೆಯದು. 2 + 3 = 5. ಅರಬ್ ಗಣಿತಜ್ಞರೂ ಇದೇ ಕ್ರಮದಲ್ಲಿ ನಡೆದರು. ನಮ್ಮ ಕಡೆ ಸಂಸ್ಕೃತದಲ್ಲಿ ಗುಣಿಸುವ ದಾರಿ. ‘ವರ್ಗವರ್ಗ’ ನಾಲ್ಕು ಎನ್ನುವುದರಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ, ಯಾಕಂದರೆ ಎರಡೂ ಎರಡೂ ಕೂಡಿದರೂ ನಾಲ್ಕೇ, ಗುಣಿಸಿದರೂ ನಾಲ್ಕೇ. ಆದರೆ ವರ್ಗದ ಘನ ಆರನೆಯ ಘಾತ, 2 × 3 = 6. ಐದನೆಯದನ್ನು ಹೇಳಬೇಕಾದರೆ ‘ವರ್ಗಘನಘಾತ’ ಎನ್ನಬೇಕು. ಅಂದರೆ ವರ್ಗ ಮತ್ತು ಘನಗಳ ಗುಣಲಬ್ಧ. ಒಂದು ‘ಘಾತ’ ಪದ ಸೇರಿದರೆ ಕೂಡುವುದು, ಬಿಟ್ಟರೆ ಗುಣಿಸುವುದು!

ಇವತ್ತು ಮಕ್ಕಳು 2³ × 2⁴ ಮತ್ತು ಮೂರರ ಘಾತವನ್ನು ಮತ್ತೆ ನಾಲ್ಕರ ಘಾತಕ್ಕೆ ಏರಿಸುವುದು, ಇವೆರಡನ್ನು ಅದಲುಬದಲು ಮಾಡುತ್ತಾರಲ್ಲ, ಅದೇ ತೊಡಕು ಹೆಸರುಗಳಲ್ಲಿ ಹೀಗೆ ಮೊದಲೇ ಇತ್ತು. ಒಂದೇ ‘ವರ್ಗ-ಘನ’ ಒಂದು ನಾಡಿನಲ್ಲಿ ಐದು, ಇನ್ನೊಂದರಲ್ಲಿ ಆರು.

ಇದರಿಂದ ಬಿಡಿಸಿಕೊಳ್ಳಲು ಎಣಿಕೆಗೇ ಹೋಗಬೇಕು. 628ರಲ್ಲಿ ಬ್ರಹ್ಮಗುಪ್ತ ‘ಗತ’ ಎಂಬ ಪ್ರತ್ಯಯ ಹಚ್ಚಿ ‘ಪಂಚಗತ’ ಎನ್ನುವಂಥ ಹೆಸರು ಕೊಟ್ಟ. ಹೆಸರಿನಲ್ಲೇ ಅಂಕಿ ಬಂತು. 12ನೇ ಶತಮಾನದಲ್ಲಿ ಅಲ್-ಸಮವ್‌ಅಲ್ ಒಂದರ ಎರಡೂ ಬದಿಗೆ ಘಾತಗಳನ್ನೂ ಅವುಗಳ ವ್ಯುತ್ಕ್ರಮಗಳನ್ನೂ ಸಾಲಾಗಿ ಇಟ್ಟು, ಗುಣಾಕಾರ ಅಂದರೆ ಸಾಲಿನಲ್ಲಿ ಇಷ್ಟು ಮನೆ ಆಚೆ ಸರಿಯುವುದು ಎಂದು ತೋರಿಸಿದ. ಬಹಳ ಹಿಂದೆ, ಕ್ರಿ.ಪೂ. 3ನೇ ಶತಮಾನದಲ್ಲಿ ಆರ್ಕಿಮಿಡೀಸ್ ಜಗತ್ತನ್ನು ತುಂಬುವ ಮರಳಿನ ಕಾಳುಗಳನ್ನು ಎಣಿಸಲು ಹೊರಟಾಗಲೂ ಇದೇ ಮಾಡಿದ್ದ. ಒಂದರಿಂದ ಶುರುವಾಗಿ ಒಂದೇ ಪ್ರಮಾಣದಲ್ಲಿ ಬೆಳೆಯುವ ಸಾಲಿನಲ್ಲಿ, ಎರಡು ಸಂಖ್ಯೆಗಳ ಗುಣಲಬ್ಧ ಯಾವ ಸ್ಥಾನದಲ್ಲಿ ಬೀಳುತ್ತದೆ ಎಂಬುದನ್ನು ಸ್ಥಾನ ಎಣಿಸಿಯೇ ಹೇಳಿದ.

ಯುರೋಪಿನಲ್ಲಿ ನಿಕೊಲಾ ಶುಕೆ 1484ರಲ್ಲಿ ಫ್ರೆಂಚಿನಲ್ಲಿ ಬರೆದ ಗ್ರಂಥದಲ್ಲಿ ಎರಡರ ಘಾತಗಳ ಪಟ್ಟಿ ಹಾಕಿ, ಪಕ್ಕದಲ್ಲಿ ಕ್ರಮಸಂಖ್ಯೆ ಬರೆದು, ಒಂದು ಕಡೆ ಗುಣಿಸಿದರೆ ಇನ್ನೊಂದು ಕಡೆ ಕೂಡುತ್ತದೆ ಎಂದು ತೋರಿಸಿದ. 1544ರಲ್ಲಿ ಜರ್ಮನಿಯ ಮಿಖಾಯೆಲ್ ಸ್ಟೀಫೆಲ್ ಆ ಕ್ರಮಸಂಖ್ಯೆಗೆ ಲ್ಯಾಟಿನ್ನಿನಲ್ಲಿ ಎಕ್ಸ್‌ಪೊನೆಂಟ್ ಎಂಬ ಹೆಸರು ಕೊಟ್ಟು, ಸೊನ್ನೆಯಿಂದ ಕೆಳಗೂ ಸಾಲನ್ನು ಬೆಳೆಸಿದ. 1637ರಲ್ಲಿ ಡೆಕಾರ್ಟ್ ಚಿಕ್ಕ ಅಂಕಿಯನ್ನು ಬಲಮೇಲೆ ಬರೆಯುವ ಈಗಿನ ರೂಢಿಯನ್ನು ಬಳಕೆಗೆ ತಂದ. ಆದರೂ ವರ್ಗಕ್ಕೆ ಬಂದಾಗ ಅವನೇ ಅಕ್ಷರವನ್ನು ಎರಡು ಸಲ ಬರೆಯುವುದಿತ್ತು. ಶುಕೆಯ ಗ್ರಂಥದ ಗತಿ ಕೇಳಿ. ಹಸ್ತಪ್ರತಿಯಲ್ಲೇ ಉಳಿದ ಅದು ಅಚ್ಚಾದದ್ದು 1880ರಲ್ಲಿ. ಸುಮಾರು ನಾನೂರು ವರ್ಷ ಕಾಯಿತು. ಇದನ್ನು ನೆನಪಿಟ್ಟುಕೊಳ್ಳಿ, ನಮ್ಮ ಕಡೆಯ ಒಂದು ಗ್ರಂಥ ಇದಕ್ಕಿಂತ ಹೆಚ್ಚು ಕಾದಿದೆ.

4. ಅರ್ಧಚ್ಛೇದ: ಎಷ್ಟು ಸಲ ಅರ್ಧ ಮಾಡಬಹುದು?

ಜೈನರಿಗೆ ದೊಡ್ಡ ಸಂಖ್ಯೆಗಳ ಅಗತ್ಯ ಧರ್ಮದಿಂದಲೇ ಬಂತು. ಜೀವರಾಶಿ ಎಷ್ಟು, ಲೋಕದ ಪ್ರದೇಶಗಳೆಷ್ಟು, ಅಸಂಖ್ಯಾತ ಎಲ್ಲಿ ಮುಗಿದು ಅನಂತ ಎಲ್ಲಿ ಶುರು ಎಂಬ ಪ್ರಶ್ನೆಗಳಿಗೆ ಅಳತೆ ಬೇಕಿತ್ತು. ಕ್ರಿ.ಶ. 5ನೇ ಶತಮಾನದ ಹೊತ್ತಿಗೆ ಈಗಿನ ರೂಪಕ್ಕೆ ಬಂದ ಶ್ವೇತಾಂಬರ ಆಗಮ ‘ಅನುಯೋಗದ್ವಾರಸೂತ್ರ’ದಲ್ಲಿ ಮನುಷ್ಯರ ಸಂಖ್ಯೆ ಹೇಳುವ ಜಾಗ ಒಂದುಂಟು. ಅಲ್ಲಿ ಒಂದೇ ಸಂಖ್ಯೆಯನ್ನು ಬೇರೆ ಬೇರೆ ರೀತಿ ಹೇಳುತ್ತಾರೆ. ಎರಡರ ಐದನೆಯ ವರ್ಗವನ್ನು ಆರನೆಯ ವರ್ಗದಿಂದ ಗುಣಿಸಿದರೆ ಬರುವುದು. 96 ಸಲ ಅರ್ಧ ಮಾಡಬಹುದಾದದ್ದು. 29 ಸ್ಥಾನಗಳಲ್ಲಿ ಬರೆಯಬೇಕಾದದ್ದು.

ಕೂತು ಲೆಕ್ಕ ಹಾಕೋಣ. ಎರಡರ ಮೊದಲ ವರ್ಗ 4, ಎರಡನೆಯದು ಅದರ ವರ್ಗ 16, ಮೂರನೆಯದು 256, ನಾಲ್ಕನೆಯದು 65,536. ಐದನೆಯದು 2³², ಅಂದರೆ 4,29,49,67,296. ಆರನೆಯದು 2⁶⁴. ಇವೆರಡನ್ನು ಗುಣಿಸಿದರೆ 32 + 64 = 96, ಅಂದರೆ 2⁹⁶. ಬಿಡಿಸಿ ಬರೆದರೆ 79,22,81,62,51,42,64,33,75,93,54,39,50,336. ಅಂಕಿಗಳನ್ನು ಎಣಿಸಿ ನೋಡಿ, 29 ಸರಿಯಾಗಿ ಬರುತ್ತದೆ. ಗುಣಾಕಾರ ಒಂದು ಕಡೆ, 96 ಎಂಬ ಎಣಿಕೆ ಇನ್ನೊಂದು ಕಡೆ. ಎರಡನ್ನೂ ಒಟ್ಟಿಗೆ ಇಟ್ಟಿದ್ದಾರೆ ಅಂದರೆ ನಮ್ಮ ನಿಯಮವನ್ನು ಬಳಸಿದ್ದಾರೆ.

ಬಳಸುವುದು ಬೇರೆ, ನಿಯಮವಾಗಿ ಹೇಳುವುದು ಬೇರೆ. ಹೇಳಿದ್ದು ದಿಗಂಬರ ಪರಂಪರೆಯ ‘ಧವಲಾ’ ಟೀಕೆಯಲ್ಲಿ ಸಿಗುತ್ತದೆ. ಪುಷ್ಪದಂತ-ಭೂತಬಲಿಗಳ ‘ಷಟ್ಖಂಡಾಗಮ’ಕ್ಕೆ ವೀರಸೇನಾಚಾರ್ಯರು ಪ್ರಾಕೃತ, ಸಂಸ್ಕೃತ ಬೆರೆಸಿ ಬರೆದ ಟೀಕೆ ಇದು, ಸಾಮಾನ್ಯವಾಗಿ 816ರಲ್ಲಿ ಮುಗಿಯಿತು ಎನ್ನುತ್ತಾರೆ. ರಾಷ್ಟ್ರಕೂಟರ ಕಾಲ. ವೀರಸೇನರ ಶಿಷ್ಯ ಜಿನಸೇನರು ಅಮೋಘವರ್ಷನಿಗೆ ಗುರು. ಮಹಾವೀರಾಚಾರ್ಯನೂ ಅದೇ ಕಾಲದವನು.

ಧವಲಾದ ಪರಿಭಾಷೆ ‘ಅರ್ಧಚ್ಛೇದ’. ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧ ಮಾಡಿದರೆ ಒಂದು ಉಳಿಯುತ್ತದೆಯೋ ಅಷ್ಟು ಅದರ ಅರ್ಧಚ್ಛೇದ. 8ರದ್ದು 3, 16ರದ್ದು 4. ಎರಡು ಸಂಖ್ಯೆಗಳನ್ನು ಗುಣಿಸಿದರೆ ಗುಣಲಬ್ಧದ ಅರ್ಧಚ್ಛೇದ ಅವೆರಡರ ಅರ್ಧಚ್ಛೇದಗಳ ಮೊತ್ತ. 8 × 16 = 128, ಅದನ್ನು ಅರ್ಧ ಮಾಡುತ್ತಾ ಹೋಗಿ: 64, 32, 16, 8, 4, 2, 1. ಏಳು ಸಲ. ಭಾಗಿಸಿದರೆ ಕಳೆಯಬೇಕು. ಎರಡರ ಬದಲು ಮೂರರಿಂದ ಕತ್ತರಿಸಿದರೆ ‘ತ್ರಿಕಚ್ಛೇದ’, ನಾಲ್ಕರಿಂದ ಕತ್ತರಿಸಿದರೆ ‘ಚತುರ್ಥಚ್ಛೇದ’. 64ರ ಅರ್ಧಚ್ಛೇದ 6, ಚತುರ್ಥಚ್ಛೇದ 3. ಆಧಾರ ಬದಲಾದರೆ ಎಣಿಕೆ ಬದಲಾಗುತ್ತದೆ, ಆಧಾರ ಒಂದೇ ಇದ್ದಾಗ ಮಾತ್ರ ಕೂಡಬಹುದು ಎಂಬುದು ಹೆಸರಿನಲ್ಲೇ ಭದ್ರವಾಗಿದೆ. ವರ್ಗ, ಘನ ಎಂಬ ಹೆಸರುಗಳಿಗೆ ಆಗದ ಕೆಲಸವನ್ನು ಈ ‘ಛೇದ’ ಪದ ಮಾಡಿತು.

ಇದರ ಬಲ ಎಷ್ಟು ಅಂದರೆ, ಒಂದು ಸಂಖ್ಯೆಯನ್ನು ಅದೇ ಸಂಖ್ಯೆಯ ಘಾತಕ್ಕೆ ಏರಿಸುವ ‘ವರ್ಗಿತ-ಸಂವರ್ಗಿತ’ ಎಂಬ ಕ್ರಿಯೆಯನ್ನೂ ಅವರು ನಿಭಾಯಿಸಿದರು. ಎರಡರಿಂದ ಹೊರಟರೆ ಮೊದಲ ಸಲ 4. ಎರಡನೆಯ ಸಲ ನಾಲ್ಕರ ನಾಲ್ಕನೆಯ ಘಾತ, 256. ಮೂರನೆಯ ಸಲ 256ರ 256ನೆಯ ಘಾತ. ಬಿಡಿಸಿ ಬರೆದರೆ 617 ಅಂಕಿ. ಬರೆಯುವುದು ಬೇಡ, ಎಣಿಸಿದರೆ ಸಾಕು. 256ರ ಅರ್ಧಚ್ಛೇದ 8, ಅಂಥದ್ದು 256 ಸಲ ಕೂಡಿದರೆ 2,048. ಮುಗಿಯಿತು.

10ನೇ ಶತಮಾನದಲ್ಲಿ ಚಾವುಂಡರಾಯನ ಗುರುಗಳಾದ ನೇಮಿಚಂದ್ರರು ‘ತ್ರಿಲೋಕಸಾರ’ದಲ್ಲಿ ಈ ನಿಯಮಗಳನ್ನು ಪ್ರಾಕೃತ ಗಾಹೆಗಳಲ್ಲಿ ಅಡಕ ಮಾಡಿದರು. ಗುಣ್ಯ, ಗುಣಕಗಳ ಅರ್ಧಚ್ಛೇದ ಕೂಡಿದರೆ ಲಬ್ಧದ ಅರ್ಧಚ್ಛೇದ ಎಂಬುದು ಅಲ್ಲಿ ನೇರವಾಗಿ ಇದೆ.

5. ಗರಿಗಳು ಹೊರಬಂದ ದಾರಿ

ಈಗ ನಮ್ಮ ಸಂಕಿರಣದ ವಿಷಯಕ್ಕೆ. ಧವಲಾದ ಹಳೆಯ ತಾಳೆಗರಿ ಪ್ರತಿಗಳು ಉಳಿದದ್ದು ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ, ಹಳಗನ್ನಡ ಲಿಪಿಯಲ್ಲಿ. ಶತಮಾನಗಳ ಕಾಲ ಅವು ದರ್ಶನದ ವಸ್ತುಗಳಾಗಿದ್ದವು. ಭಕ್ತರು ಬಂದು ಕೈಮುಗಿಯುತ್ತಿದ್ದರು. ಓದಬಲ್ಲವರು ಬೆರಳೆಣಿಕೆಯಷ್ಟು. ಗರಿ ಹುಳ ಹಿಡಿದರೆ, ಮುರಿದರೆ, ಅದರೊಳಗಿನ ಎಲ್ಲವೂ ಹೋದಂತೆಯೇ.

19ನೇ ಶತಮಾನದ ಕೊನೆಗೆ ಇದು ಮುಂಬೈಯ ಸೇಠ್ ಮಾಣಿಕಚಂದ್ ಮತ್ತು ಸೊಲ್ಲಾಪುರದ ಸೇಠ್ ಹೀರಾಚಂದ್ ನೇಮಚಂದ್ ಅವರ ಮನಸ್ಸಿಗೆ ನಾಟಿತು. ಪ್ರತಿ ಮಾಡಿಸಲು ಹಣ ಕೂಡಿಸಿದರು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿ, ಮಿರಜಿನ ಗಜಪತಿ ಶಾಸ್ತ್ರಿ ನಕಲು ಕೆಲಸಕ್ಕೆ ಕೂತರು. ಕೆಲಸ ವರ್ಷಗಟ್ಟಲೆ ನಡೆಯಿತು. ಆದರೆ ಪ್ರತಿಗಳು ಮೂಡುಬಿದಿರೆ ಬಿಟ್ಟು ಹೊರಗೆ ಹೋಗಬಾರದು ಎಂಬ ಕಟ್ಟುಪಾಡು ಇತ್ತು. ಗಜಪತಿ ಶಾಸ್ತ್ರಿಗಳು ಗುಟ್ಟಾಗಿ ಇನ್ನೊಂದು ಪ್ರತಿಯನ್ನು ಕನ್ನಡ ಲಿಪಿಯಲ್ಲಿ ಮಾಡಿಕೊಂಡರು, ಹೆಂಡತಿ ಲಕ್ಷ್ಮೀಬಾಯಿ ಅದಕ್ಕೆ ನೆರವಾದರು. ಆ ಪ್ರತಿ ಉತ್ತರದ ಸಹಾರನಪುರ ಸೇರಿತು, ಅಲ್ಲಿಂದ ನಾಗರಿ ನಕಲುಗಳು ಹರಡಿದವು. ಹೀರಾಲಾಲ್ ಜೈನ್ 1939ರಿಂದ ಅಮರಾವತಿಯಲ್ಲಿ ಅಚ್ಚು ಮಾಡಿಸಲು ಶುರು ಮಾಡಿದರು, 1959ರ ಹೊತ್ತಿಗೆ ಹದಿನಾರು ಸಂಪುಟ ಮುಗಿಯಿತು. ಅವರಿಗೆ ಸಂಪಾದನೆಯಲ್ಲಿ ಕೈಜೋಡಿಸಿದವರಲ್ಲಿ ಒಬ್ಬರು ಆ.ನೇ. ಉಪಾಧ್ಯೆ. ಬೆಳಗಾವಿ ಜಿಲ್ಲೆಯ ಸದಲಗದವರು, ಕೊಲ್ಲಾಪುರದ ಕಾಲೇಜಿನಲ್ಲಿ ಮೇಷ್ಟ್ರಾಗಿದ್ದವರು. ಮುಂದೆ ಪರಿಷ್ಕೃತ ಮುದ್ರಣ ಹೊರಟದ್ದು ಸೊಲ್ಲಾಪುರದಿಂದ.

1942ರ ನಾಲ್ಕನೆಯ ಸಂಪುಟಕ್ಕೆ ಲಖನೌ ವಿಶ್ವವಿದ್ಯಾಲಯದ ಗಣಿತಜ್ಞ ಅವಧೇಶ ನಾರಾಯಣ ಸಿಂಗ್ ಧವಲಾದ ಗಣಿತದ ಮೇಲೆ ಒಂದು ಲೇಖನ ಬರೆದರು. ಘಾತಾಂಕ ನಿಯಮಗಳು, ಅರ್ಧಚ್ಛೇದಗಳು ಗಣಿತ ಚರಿತ್ರೆಯವರ ಕಣ್ಣಿಗೆ ಬಿದ್ದದ್ದು ಆಗ. 816ರಿಂದ 1942ಕ್ಕೆ 1,126 ವರ್ಷ.

ಇಲ್ಲಿ ಒಂದು ಮಾತು. ಆ ನಕಲು ನಡೆಯುವಾಗ ಕಾಸರಗೋಡು, ಮೂಡುಬಿದಿರೆ ಎರಡೂ ಒಂದೇ ದಕ್ಷಿಣ ಕನ್ನಡ ಜಿಲ್ಲೆ, ಮದರಾಸು ಪ್ರಾಂತ್ಯ. 1956ರ ನಂತರ ನಾವು ಒಂದು ರಾಜ್ಯ, ಅವರು ಒಂದು ರಾಜ್ಯ. ಗರಿಯ ಚರಿತ್ರೆಗೆ ಈ ಗೆರೆಗಳು ಗೊತ್ತಿಲ್ಲ. ಲಿಪಿ ಕನ್ನಡ, ಭಾಷೆ ಪ್ರಾಕೃತ, ಹಣ ಸೊಲ್ಲಾಪುರದ್ದು, ಕೈ ಮಿರಜಿನದ್ದು. ಇದರಲ್ಲಿ ಯಾವೊಂದು ಕೊಂಡಿ ತಪ್ಪಿದ್ದರೂ ಪಟ್ಟಿಯಲ್ಲಿ ಶುಕೆ, ಸ್ಟೀಫೆಲ್ ಮಾತ್ರ ಇರುತ್ತಿದ್ದರು.

ಸಂವಾದ

ಅಧ್ಯಾಪಕರೊಬ್ಬರ ಪ್ರಶ್ನೆ: ಕನ್ನಡ ಲಿಪಿಯಲ್ಲಿ ಇದ್ದದ್ದಕ್ಕೂ ಕನ್ನಡದಲ್ಲಿ ಬರೆದದ್ದಕ್ಕೂ ವ್ಯತ್ಯಾಸ ಉಂಟಲ್ಲಮ್ಮ. ಪ್ರಾಕೃತ ಗ್ರಂಥವನ್ನು ನಮ್ಮದು ಅಂತ ಹೇಳಿಕೊಂಡ ಹಾಗಾಗಲಿಲ್ವಾ?

ಉತ್ತರ: ಸರಿ ಸರ್, ಆ ವ್ಯತ್ಯಾಸ ಇಟ್ಟುಕೊಳ್ಳಲೇಬೇಕು. ಧವಲಾ ಕನ್ನಡ ಗ್ರಂಥ ಅಲ್ಲ, ಅದನ್ನು ಕಾಪಾಡಿದ್ದು ಕನ್ನಡ ಓದಬರೆಯುವ ಜನ ಅಂತಷ್ಟೇ ನನ್ನ ಮಾತು. ಆದರೆ ಕನ್ನಡದಲ್ಲೇ ಬರೆದದ್ದೂ ಒಂದು ಉಂಟು. ನೇಮಿಚಂದ್ರರ ‘ಗೊಮ್ಮಟಸಾರ’ಕ್ಕೆ 1359ರಲ್ಲಿ ಕೇಶವವರ್ಣಿ ಕನ್ನಡದಲ್ಲಿ ವೃತ್ತಿ ಬರೆದ. ಸಂಸ್ಕೃತದ ಪಾರಿಭಾಷಿಕ ಪದಗಳು ತುಂಬಿದ ಕನ್ನಡ ಅದು. ದೊಡ್ಡ ರಾಶಿಗಳಿಗೆ ಸಂಕೇತಗಳನ್ನು ಹಾಕಿ ಲೆಕ್ಕ ತೋರಿಸುತ್ತಾನೆ. ಆಮೇಲೆ ಅದನ್ನು ಆಧರಿಸಿ ಸಂಸ್ಕೃತ ಟೀಕೆ ಬಂತು, ಆ ಸಂಸ್ಕೃತವನ್ನು ಆಧರಿಸಿ 18ನೇ ಶತಮಾನದಲ್ಲಿ ಜೈಪುರದ ಪಂಡಿತ ಟೋಡರಮಲ್ಲರು ಹಿಂದಿ ಕಡೆಯ ಭಾಷೆಯಲ್ಲಿ ಬರೆದರು. ಸಂಸ್ಕೃತ ಟೀಕೆಗೆ ಕನ್ನಡವೇ ಮೂಲ ಅಂತ ತೋರಿಸಿಕೊಟ್ಟವರು ಈಗ ಹೇಳಿದ ಉಪಾಧ್ಯೆಯವರೇ. ಸಾಮಾನ್ಯವಾಗಿ ಸಂಸ್ಕೃತದಿಂದ ಕನ್ನಡಕ್ಕೆ ಅನ್ನುತ್ತೇವೆ, ಇಲ್ಲಿ ಕನ್ನಡದಿಂದ ಸಂಸ್ಕೃತಕ್ಕೆ ಹೋಗಿದೆ. ಈ ಕನ್ನಡ ವೃತ್ತಿಯನ್ನು ಭಾರತೀಯ ಜ್ಞಾನಪೀಠ ಪ್ರಕಟಿಸಿದೆ, ಆದರೆ ನಾಗರಿ ಲಿಪಿಯಲ್ಲಿ. ಕನ್ನಡದ ಗಣಿತ ಗದ್ಯವನ್ನು ಕನ್ನಡ ವಿದ್ಯಾರ್ಥಿಗಳು ನಾಗರಿಯಲ್ಲಿ ಓದಬೇಕು. ನಮ್ಮ ವಿಭಾಗಗಳಲ್ಲಿ ಯಾರಾದರೂ ಕೈಹಾಕಬೇಕಾದ ಕೆಲಸ ಇದು.

ಸಹಪಾಠಿಯೊಬ್ಬರ ಪ್ರಶ್ನೆ: ಅರ್ಧಚ್ಛೇದ ಅಂದರೆ ಲಾಗರಿದಂ ತಾನೇ? ಹಾಗಾದ್ರೆ ನೇಪಿಯರ್‌ಗಿಂತ ಎಂಟು ಶತಮಾನ ಮೊದಲೇ ನಮ್ಮಲ್ಲಿ ಲಾಗರಿದಂ ಇತ್ತು ಅಂತ ಹೇಳಬಹುದಾ?

ಉತ್ತರ: ನಾನು ಹಾಗೆ ಹೇಳಲ್ಲ. ಅದರ ಹಿಂದಿನ ವಿಚಾರ ಒಂದೇ, ಗುಣಾಕಾರವನ್ನು ಕೂಡುವಿಕೆಗೆ ಇಳಿಸುವುದು. ಆದರೆ 1614ರಲ್ಲಿ ನೇಪಿಯರ್ ಕೊಟ್ಟದ್ದು ಕೋಷ್ಟಕ. ನಡುವೆ ಬರುವ ಸಂಖ್ಯೆಗಳಿಗೂ ಬೆಲೆ ಕಟ್ಟಿ, ಖಗೋಳದವರು ದಿನನಿತ್ಯ ಬಳಸುವ ಹಾಗೆ ಮಾಡಿದ. ಧವಲಾದಲ್ಲಿ ಮುಖ್ಯವಾಗಿ ಪೂರ್ತಿ ಸಲ ಕತ್ತರಿಸಬಹುದಾದ ಸಂಖ್ಯೆಗಳ ಮಾತು. ಅವರ ಕೆಲಸ ಬೇರೆ ಇತ್ತು, ಬರೆಯಲಾಗದಷ್ಟು ದೊಡ್ಡ ರಾಶಿಗಳನ್ನು ಒಂದಕ್ಕೊಂದು ಹೋಲಿಸುವುದು. ಯಾರು ಮೊದಲು ಅಂತ ಪೈಪೋಟಿಗೆ ಇಳಿದರೆ ಅವರು ಏನು ಮಾಡಿದರು ಅನ್ನೋದೇ ಕಾಣದೆ ಹೋಗ್ತದೆ.

ಇನ್ನೊಬ್ಬರ ಪ್ರಶ್ನೆ: ನಾನು ಅಕ್ಕಲಕೋಟೆ ಕಡೆ ಕನ್ನಡ ಶಾಲೆಯಲ್ಲಿ ಗಣಿತ ಕಲಿಸ್ತೀನಿ. ಇದನ್ನೆಲ್ಲ ಕೇಳಿ ಖುಷಿ ಆತು. ಆದ್ರ ನಾಳೆ ತರಗತಿಯೊಳಗ ಏನ್ ಮಾಡ್ಲಿ?

ಉತ್ತರ: ಕಲಿಸುವ ವಿಷಯದಲ್ಲಿ ನಿಮಗೆ ಹೇಳುವಷ್ಟು ದೊಡ್ಡವಳಲ್ಲ ಸರ್ ನಾನು. ಒಂದು ಸಲಹೆ ಮಾತ್ರ. ‘ಘಾತಾಂಕಗಳನ್ನು ಕೂಡಿಸಿ’ ಎಂದು ನಿಯಮ ಬರೆಸುವ ಮೊದಲು ಒಂದು ಹಗ್ಗ ಇಲ್ಲವೇ ಉದ್ದನೆಯ ಕಾಗದ ಕೊಟ್ಟು ಮಡಚಲು ಹೇಳಿ. ಮೂರು ಸಲ ಮಡಚಿದರೆ 8 ಪದರ. ಹಾಗೇ ಇನ್ನೂ ಎರಡು ಸಲ ಮಡಚಿದರೆ ಎಷ್ಟು ಪದರ, ಒಟ್ಟು ಎಷ್ಟು ಮಡಿಕೆ ಅಂತ ಕೇಳಿ. ಪದರ 8 × 4 = 32, ಮಡಿಕೆ 3 + 2 = 5. ಪದರ ಗುಣವಾಗುತ್ತದೆ, ಮಡಿಕೆ ಕೂಡುತ್ತದೆ ಅನ್ನೋದನ್ನು ಮಕ್ಕಳು ತಮ್ಮ ಮಾತಲ್ಲೇ ಹೇಳ್ತಾರೆ. ಆಮೇಲೆ ‘ಘಾತಾಂಕ’ ಅನ್ನಿ, ಮರಾಠಿಯಲ್ಲಿ ‘ಪಾಯಾ’ ಅನ್ನಿ, ಪರೀಕ್ಷೆಗೆ ಬೇಕಾದ ಯಾವ ಪದ ಬೇಕಾದರೂ ಅನ್ನಿ. ಮಡಿಕೆ ಎಣಿಸಿದ ಮಗು 2³ × 2² ನೋಡಿ 2⁶ ಅಂತ ಬರೆದರೂ, ಮತ್ತೊಂದು ಸಲ ಕಾಗದ ಕೈಗೆ ಕೊಟ್ಟರೆ ತಾನೇ ತಿದ್ದಿಕೊಳ್ಳಬಹುದು.

ಅದೇ ಪ್ರಶ್ನೆಗಾರರು: ಮಡಿಕಿ ಅಂದ್ರ ನಮ್ಮ ಹುಡುಗರಿಗೆ ತಿಳೀತದ. ಈ ವಾರನ ಮಾಡಿ ನೋಡ್ತೀನಿ.

ಧನ್ಯವಾದ ಸರ್. ನಡೆದರೆ ಗುಂಪಿನಲ್ಲಿ ತಿಳಿಸಿ, ಹೊಸೂರು, ತಾಳವಾಡಿ ಕಡೆಯ ಮೇಷ್ಟ್ರುಗಳೂ ಇಲ್ಲಿದ್ದಾರೆ.